ಅವತಾರವನ್ನು ತೇಲಿಸುವ ಸ್ಕ್ರಿಪ್ಟ್: ಭಾನುವಾರದ ಅಭ್ಯಾಸಕ್ಕೆ ಮುನ್ನ

ಸದಸ್ಯರೆಲ್ಲರಿಗೂ ನಮಸ್ಕಾರ.

ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಕಾಲ್ಪನಿಕ ಲೋಕದಲ್ಲಿ ನಾವು ಕಟ್ಟುತ್ತಿರುವ ಕಲಬುರಗಿ ಕೋಟೆಯ ಮಾದರಿಯೊಳಗೆ ತೂಕರಹಿತ ಸ್ಥಿತಿಯನ್ನು ತೋರಿಸಬೇಕಾದರೆ, ಅವತಾರವು (ಅಲ್ಲಿ ನಮ್ಮನ್ನು ಪ್ರತಿನಿಧಿಸುವ ಆಕೃತಿ) ಧರಿಸಿದ ವಸ್ತುವಿನಲ್ಲಿರುವ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಅವತಾರದ ದ್ರವ್ಯರಾಶಿಯನ್ನು ಅಲ್ಲಿನ ಗುರುತ್ವ ವೇಗೋತ್ಕರ್ಷವಾದ 9.8ರಿಂದ ಗುಣಿಸಿ, ಅಷ್ಟೇ ಬಲವನ್ನು ಮೇಲ್ಮುಖವಾಗಿ ಬಿಡದೆ ಹಾಕುತ್ತಿರಬೇಕು. ಇಲ್ಲಿ ಗುರುತ್ವ ಇಲ್ಲವಾಗುವುದಿಲ್ಲ, ಸರಿದೂಗುತ್ತದೆ ಅಷ್ಟೇ.

ದ್ರವ್ಯರಾಶಿಯನ್ನು ದಯವಿಟ್ಟು ಕೈಯಿಂದ ಬರೆಯಬೇಡಿ. ಅವತಾರದ ಎತ್ತರ ಬದಲಾದಂತೆ ಅದೂ ಬದಲಾಗುವುದರಿಂದ, ಎಲ್‌ಎಲ್‌ಗೆಟ್‌ಮಾಸ್ ಎಂಬ, ದ್ರವ್ಯರಾಶಿ ಹೇಳುವ ಫಂಕ್ಷನ್ನಿನಿಂದಲೇ ಪಡೆದು, 9.8ರಿಂದ ಗುಣಿಸಿ, ಬಲ ಹಾಕುವ ಎಲ್‌ಎಲ್‌ಸೆಟ್‌ಫೋರ್ಸ್‌ಗೆ ಕೊಡಿ. ಲೆಕ್ಕ ಸುಲಭವಾಗಲೆಂದು ನಾನು 9.8ರ ಬದಲು 10 ಬರೆದಿದ್ದೆ, ಉಳಿದ 0.2ರಷ್ಟು ಬಲವೇ ಸಾಕಾಗಿ, ನನ್ನ ಅವತಾರ ಬುರುಜನ್ನು ದಾಟಿ ಮೆಲ್ಲಗೆ ಮೇಲೇರುತ್ತಾ ಕಣ್ಮರೆಯಾಯಿತು!

ಅಭ್ಯಾಸ ಮುಗಿದ ಕೂಡಲೇ ಬಲವನ್ನು ಸೊನ್ನೆಗೆ ತರುವ ಸಾಲನ್ನೂ ಸೇರಿಸಿಕೊಂಡು, ಸ್ಕ್ರಿಪ್ಟನ್ನು ಶನಿವಾರ ರಾತ್ರಿಯೊಳಗೆ ಇದೇ ಗುಂಪಿಗೆ ಕಳುಹಿಸಬೇಕೆಂದು ಕೋರುತ್ತೇನೆ.