ಪ್ರೀತಿ, ತಾಳ್ಮೆ ಸರಿ. ಓದು ಕಲಿಸುವುದು ಯಾವಾಗ?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಡಿಸ್ಲೆಕ್ಸಿಯಾ ಬಗ್ಗೆ, ಅಂದರೆ ಓದು ಬರಹ ಕಲಿಯುವುದೇ ಕಷ್ಟವಾಗುವ ತೊಂದರೆಯ ಬಗ್ಗೆ, ಬಂದ ಲೇಖನ ಓದಿದೆ. ಇಂಥ ಮಕ್ಕಳು ದಡ್ಡರಲ್ಲ, ಸೋಮಾರಿಗಳೂ ಅಲ್ಲ ಎಂದು ಬರೆದಿದ್ದು ಬಹಳ ಸರಿ. ಆದರೆ ಮಗುವಿಗೆ ಪ್ರೀತಿ ಕೊಡಿ, ತಾಳ್ಮೆ ಇರಲಿ, ಒಳಗಿರುವ ಪ್ರತಿಭೆ ಹುಡುಕಿ ಎಂದು ಹೇಳಿ ಲೇಖನ ಮುಗಿದುಹೋಯಿತು. ಓದಲಾಗದೆ ಒದ್ದಾಡುವ ಮಗುವಿನ ಅಪ್ಪ ಅಮ್ಮನಿಗೆ ಇದರಿಂದ ಸಿಕ್ಕಿದ್ದೇನು? ಮಗು ಚೆನ್ನಾಗಿ ಚಿತ್ರ ಬರೆದರೆ ಸಂತೋಷವೇ. ಅದಕ್ಕೆ ಓದಲೂ ಬರಬೇಕಲ್ವಾ? ಇಂಥ ಮಕ್ಕಳಿಗೆ ಓದು ಬರಹ ಹೇಳಿಕೊಡುವವಳು ನಾನು. ಡಿಸ್ಲೆಕ್ಸಿಯಾ ಇರುವವರಿಗೂ ಓದು ಕಲಿಸಬಹುದು, ಅದಕ್ಕೊಂದು ಕ್ರಮವಿದೆ ಎಂಬ ಮಾತು ಆ ಲೇಖನದಲ್ಲಿ ಬಿಟ್ಟುಹೋಗಿತ್ತು.

ಇದು ಕಣ್ಣಿನ ತೊಂದರೆ, ಅಕ್ಷರ ತಿರುಗಿ ಕಾಣುತ್ತದೆ ಎಂದು ಈಗಲೂ ಬಹಳ ಜನ ನಂಬಿದ್ದಾರೆ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು 14 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದಿದ್ದರು. ಹುಡುಗ ಲೆಕ್ಕದಲ್ಲಿ ಚುರುಕು, ಕಣ್ಣೂ ಚೆನ್ನಾಗಿತ್ತು, ಓದು ಮಾತ್ರ ಬರುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣನಾಗಿರುತ್ತಿದ್ದ ಎಂದು ಅವನ ಮೇಷ್ಟ್ರೇ ಹೇಳಿದ್ದರು. ಹೆಚ್ಚಿನವರಲ್ಲಿ ತೊಡಕು ಇರುವುದು ಮಾತಿನ ದನಿಗಳನ್ನು ಬಿಡಿಸಿ ಹಿಡಿಯುವಲ್ಲಿ, ಆ ದನಿಗಳನ್ನು ಅಕ್ಷರಕ್ಕೆ ಗಂಟು ಹಾಕುವಲ್ಲಿ. ಆದರೂ ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಎಂದು ಸುಮ್ನೆ ದುಡ್ಡು ಸುರಿಯುವವರಿದ್ದಾರೆ. ಇವುಗಳಿಂದ ಓದು ಸುಧಾರಿಸುತ್ತದೆ ಎನ್ನಲು ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಜೊತೆಯಾಗಿ ಹೇಳಿವೆ.

ಕನ್ನಡ ಬರೆದಂತೆ ಓದುವ ಭಾಷೆ, ಇದರಲ್ಲಿ ಡಿಸ್ಲೆಕ್ಸಿಯಾ ಎಲ್ಲಿಂದ ಬಂತು ಎಂದು ಕೇಳುವವರೂ ಇದ್ದಾರೆ. ಇಟಾಲಿಯನ್ ಕೂಡ ಹೆಚ್ಚುಕಡಿಮೆ ಬರೆದಂತೆ ಓದುವ ಭಾಷೆಯೇ. ಡಿಸ್ಲೆಕ್ಸಿಯಾ ಇರುವ ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ಓದುಗರನ್ನು ಹೋಲಿಸಿದ ಅಧ್ಯಯನವೊಂದು 2001ರಲ್ಲಿ ಬಂತು. ಓದಿನಲ್ಲಿ ಇಟಾಲಿಯನ್ನರು ಉಳಿದಿಬ್ಬರಿಗಿಂತ ಮೇಲಿದ್ದರು. ದನಿ ಬಿಡಿಸುವ ಕಷ್ಟ ಮಾತ್ರ ಮೂವರಲ್ಲೂ ಒಂದೇ, ಓದುವಾಗ ಮಿದುಳಿನಲ್ಲಿ ಮಂಕಾಗುವ ಜಾಗವೂ ಒಂದೇ. ಇಂಥ ಭಾಷೆಗಳಲ್ಲಿ ತಪ್ಪಿಗಿಂತ ನಿಧಾನವೇ ಜಾಸ್ತಿ ಕಾಣುತ್ತದೆ. ಮಗು ಸರಿಯಾಗಿಯೇ ಓದುತ್ತದೆ, ಆದರೆ ಒಂದೊಂದೇ ಅಕ್ಷರ ಕೂಡಿಸಿಕೊಂಡು ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಓದಿದ್ದು ಮರೆತಿರುತ್ತದೆ.

ಕನ್ನಡಕ್ಕೆ ತನ್ನದೇ ತೊಡಕುಗಳೂ ಇವೆ. ಕಾಗುಣಿತವನ್ನು ಮಕ್ಕಳು ರಾಗವಾಗಿ ಒಪ್ಪಿಸುತ್ತಾರೆ. ನಡುವಿನಿಂದ ‘ಕೀ’ ಒಂದನ್ನೇ ತೋರಿಸಿ ಏನಿದು ಎಂದು ಕೇಳಿ ನೋಡಿ. ಕೆಲವರು ಮತ್ತೆ ‘ಕ, ಕಾ, ಕಿ’ ಎಂದು ಮೊದಲಿನಿಂದ ಎಣಿಸಿಕೊಂಡು ಬರುತ್ತಾರೆ. ಅಂದರೆ ರಾಗ ಬಂದಿದೆ, ಅಕ್ಷರ ಬಂದಿಲ್ಲ. ಒತ್ತಕ್ಷರ ಕೆಳಗಿರುತ್ತದೆ, ದನಿ ಆಮೇಲೆ ಬರುತ್ತದೆ. ‘ಸೂರ್ಯ’ದಲ್ಲಿ ರಕಾರ ಕಿವಿಗೆ ಮೊದಲು ಬೀಳುತ್ತದೆ, ಹಾಳೆಯ ಮೇಲೆ ಅರ್ಕಾವತ್ತಾಗಿ ಕೊನೆಗೆ ಹೋಗಿ ನಿಲ್ಲುತ್ತದೆ. ಇದನ್ನೆಲ್ಲ ಬಾಯಿಬಿಟ್ಟು ಹೇಳಿಕೊಡಬೇಕು. ಉಳಿದ ಮಕ್ಕಳು ತಾವಾಗಿಯೇ ಹಿಡಿದುಬಿಡುತ್ತಾರೆ, ಇವರು ಹಿಡಿಯುವುದಿಲ್ಲ, ಅಷ್ಟೇ.

ಹೇಳಿಕೊಡುವ ಬಗೆ ಹೊಸದೇನಲ್ಲ. ಅಮೆರಿಕದಲ್ಲಿ ಆರ್ಟನ್ ಎಂಬ ವೈದ್ಯರು ಮತ್ತು ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿ 1930ರ ದಶಕದಲ್ಲೇ ಇದಕ್ಕೆ ದಾರಿ ಹಾಕಿದ್ದರು. ಮೊದಲು ಬಾಯಲ್ಲೇ ಆಟ: ಪದದ ಮೊದಲ ದನಿ ಯಾವುದು, ಅದನ್ನು ತೆಗೆದರೆ ಏನು ಉಳಿಯುತ್ತದೆ. ಆಮೇಲೆ ಒಂದೊಂದೇ ಅಕ್ಷರ. ನೋಡುತ್ತಾ, ಗಟ್ಟಿಯಾಗಿ ಹೇಳುತ್ತಾ, ಬೆರಳಲ್ಲಿ ತಿದ್ದುತ್ತಾ ಕಲಿಯುವುದು. ಕಲಿತಷ್ಟರಲ್ಲೇ ಪದ ಕೂಡಿಸಿ ಓದುವುದು. ಅದು ಗಟ್ಟಿಯಾಗುವ ತನಕ ಮುಂದೆ ಹೋಗಬಾರದು. ‘ಪ’ ಮತ್ತು ‘ಷ’ದಂಥ ಒಂದೇ ಥರ ಕಾಣುವ ಅಕ್ಷರಗಳನ್ನು ಒಂದೇ ದಿನ ಕಲಿಸಲೂಬಾರದು. ಪದ ಓದಲು ಬಂದ ಮೇಲೆ ಚಿಕ್ಕದೊಂದು ಭಾಗವನ್ನೇ ಮತ್ತೆ ಮತ್ತೆ ಓದಿಸಿದರೆ ಓಟ ಬರುತ್ತದೆ. ಭಾನುವಾರ ಎರಡು ಗಂಟೆ ಕೂರಿಸುವುದಕ್ಕಿಂತ ದಿನಾ ಅರ್ಧ ಗಂಟೆ ಮೇಲು.

ಬರಹದ ತಪ್ಪಿಗೆ ಇಂಪೊಸಿಷನ್ ಕೊಡುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ಇದರ ಮೇಲೆ ನನಗೆ ಸಿಟ್ಟಿದೆ. ಮೂರನೇ ಸಾಲಿಗೆ ಮಗು ಮೇಲಿನ ಸಾಲನ್ನೇ ನೋಡಿ ಇಳಿಸುತ್ತಿರುತ್ತದೆ. ಮೇಲೆ ತಪ್ಪಿದ್ದರೆ ತಪ್ಪೇ ಗಟ್ಟಿಯಾಗುತ್ತದೆ. ಅದರ ಬದಲು ಪದವನ್ನು ಹೇಳಿಸಿ, ದನಿ ದನಿಯಾಗಿ ಬಿಡಿಸಲು ಹೇಳಿ, ಒಂದೊಂದು ಅಕ್ಷರವನ್ನೂ ಹೇಳುತ್ತಾ ಒಂದೇ ಸಲ ಬರೆಸಿ. ಮುಚ್ಚಿಟ್ಟು ಇನ್ನೊಂದು ಸಲ ಬರೆಸಿ. ‘ಅಕ್ಷರ’ ಎನ್ನುವುದನ್ನು ‘ಅಕರ’ ಎಂದು ಬರೆದರೆ ಇಡೀ ಪದಕ್ಕೆ ಕೆಂಪು ಗೆರೆ ಬೇಡ, ಒತ್ತು ಬಿಟ್ಟ ಜಾಗ ತೋರಿಸಿದರೆ ಸಾಕು. ಉಕ್ತಲೇಖನಕ್ಕೆ ನಾಲ್ಕೈದು ಪದ ಇರಲಿ. ಅವೇ ಪದಗಳು ನಾಳೆ ಬರಲಿ, ಮುಂದಿನ ವಾರವೂ ಬರಲಿ. ವಿಜ್ಞಾನದ ಉತ್ತರದಲ್ಲಿ ವಿಜ್ಞಾನ ಸರಿಯಿದ್ದರೆ ಕಾಗುಣಿತಕ್ಕೆ ಅಂಕ ಕತ್ತರಿಸಬೇಡಿ.

ಲೇಖನ ದೊಡ್ಡವರ ಸುದ್ದಿಯನ್ನೇ ಎತ್ತಲಿಲ್ಲ. ಡಿಸ್ಲೆಕ್ಸಿಯಾ ವಯಸ್ಸಾದರೆ ಹೋಗುವುದಿಲ್ಲ, ಮುಚ್ಚಿಡುವುದು ಅಭ್ಯಾಸವಾಗುತ್ತದೆ. ‘ಕನ್ನಡಕ ತಂದಿಲ್ಲ, ನೀವೇ ಓದಿ ಹೇಳಿ’ ಅನ್ನುವವರಲ್ಲಿ ಇಂಥವರೂ ಇರುತ್ತಾರೆ. ಇದು ಮನೆತನದಲ್ಲಿ ಹರಿದು ಬರುವುದರಿಂದ, ಮಗುವಿನ ತೊಂದರೆ ಏನೆಂದು ವಿವರಿಸುವಾಗ ಎದುರು ಕೂತ ಅಪ್ಪನೋ ಅಮ್ಮನೋ ‘ನನಗೂ ಹೀಗೇ’ ಎನ್ನುವುದು ಅಪರೂಪವಲ್ಲ. ಅವರಿಗೂ ಕಲಿಯಲು ಕಾಲ ಮೀರಿಲ್ಲ. ದನಿ ಮತ್ತು ಅಕ್ಷರದ ತರಬೇತಿ ಪಡೆದ ವಯಸ್ಕರ ಓದು ಸುಧಾರಿಸಿದ್ದನ್ನೂ, ಅವರ ಮಿದುಳಿನ ಚಟುವಟಿಕೆ ಬದಲಾಗಿದ್ದನ್ನೂ 2004ರ ಅಧ್ಯಯನವೊಂದು ತೋರಿಸಿದೆ. ಆದರೆ ಅವರ ಕೈಗೆ ಒಂದನೇ ತರಗತಿಯ ಪುಸ್ತಕ ಕೊಡಬೇಡಿ. ಅವರು ದಿನಾ ತುಂಬಬೇಕಾದ ಅರ್ಜಿ, ಕೆಲಸದ ಜಾಗದ ಸಂದೇಶ, ಅಲ್ಲಿಂದಲೇ ಪಾಠ ಶುರುವಾಗಲಿ. ಓದು ಸುಧಾರಿಸಿದ ಮೇಲೂ ಬರಹದಲ್ಲಿ ತಪ್ಪು ಉಳಿಯಬಹುದು. ಫೋನಿಗೆ ಮಾತಾಡಿ ಬರೆಸಲಿ, ಬಂದ ಪತ್ರವನ್ನು ಫೋನೇ ಓದಿ ಹೇಳಲಿ. ಇದನ್ನು ಕಳ್ಳದಾರಿ ಅನ್ನುವವರು ತಾವು ಕನ್ನಡಕ ತೆಗೆದಿಟ್ಟು ಓದಿ ತೋರಿಸಬೇಕು.

ಕೊನೆಗೆ ನಿಮ್ಮಲ್ಲೇ ಒಂದು ಕೋರಿಕೆ. ಅಕ್ಷರಗಳ ನಡುವೆ ಜಾಗ ಹೆಚ್ಚಿಸಿ ಅಚ್ಚು ಹಾಕಿದಾಗ ಡಿಸ್ಲೆಕ್ಸಿಯಾ ಇರುವ ಇಟಾಲಿಯನ್ ಮತ್ತು ಫ್ರೆಂಚ್ ಮಕ್ಕಳು ಬೇಗ ಓದಿದರು, ತಪ್ಪೂ ಕಡಿಮೆಯಾಯಿತು ಎಂದು 2012ರ ಅಧ್ಯಯನವೊಂದು ಹೇಳುತ್ತದೆ. ನಿಮ್ಮ ಮಕ್ಕಳ ಪುಟದಲ್ಲಿ ಕಾಲಂ ತುಂಬಿಸಲು ಅಕ್ಷರಗಳನ್ನು ಒತ್ತೊತ್ತಿ ಜೋಡಿಸುತ್ತೀರಿ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಅದೊಂದು ಪುಟದಲ್ಲಾದರೂ ಅಕ್ಷರ ಸ್ವಲ್ಪ ದೊಡ್ಡದಾಗಲಿ, ಅಕ್ಷರಗಳ ನಡುವೆಯೂ ಸಾಲುಗಳ ನಡುವೆಯೂ ಜಾಗ ಬಿಡಿ. ಒಂದು ಕಥೆ ಕಡಿಮೆಯಾದರೆ ನಮ್ಮ ಮಕ್ಕಳ ತಕರಾರೇನೂ ಇಲ್ಲ.

ಇಂತಿ,
ಓದು ಕಲಿಸುವ ಒಬ್ಬ ಶಿಕ್ಷಕಿ