ಬದು ಬೋಳಿಸಬೇಡ, ಮಗಳೇ

ಚಿ. ಸುಮಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಹೋದ ವಾರ ಮಾಲೂರಿನ ನಿನ್ನ ತೋಟ ನೋಡಿ ಬಂದಾಗಿನಿಂದ ಒಂದೇ ವಿಷಯ ಮನಸ್ಸನ್ನು ಕೊರೆಯುತ್ತಿದೆ. ಟೊಮೆಟೊ ಸಾಲುಗಳು ಕಣ್ತುಂಬುವಂತಿವೆ. ಆದರೆ ಸುತ್ತಲಿನ ಬದುವನ್ನೆಲ್ಲ ಯಂತ್ರ ಹಿಡಿಸಿ ಬೋಳಿಸಿಬಿಟ್ಟಿದ್ದೀಯೆ. ವಿಷ ಹೊಡೆಯದ ತೋಟವನ್ನು ಕಾಯುವ ಹುಳುಗಳೆಲ್ಲ ಇದ್ದದ್ದು ಆ ಬದುವಿನಲ್ಲೇ.

ಸಸ್ಯಹೇನು ತಿನ್ನುವ ಗುಲಗಂಜಿ ಹುಳುವನ್ನು ನೀನು ಬಲ್ಲೆ. ಅದರ ಮರಿಯನ್ನು ಕಂಡಿದ್ದೀಯಾ? ಕಪ್ಪಗೆ, ಉದ್ದಕ್ಕೆ, ಪುಟ್ಟ ಮೊಸಳೆಯ ಹಾಗಿರುತ್ತದೆ. ಮೂವತ್ತು ವರ್ಷಗಳ ಹಿಂದೆ ನನ್ನ ಅಲಸಂದೆ ಬಳ್ಳಿಯ ಮೇಲೆ ಅವು ತುಂಬಿದ್ದವು. ಹೊಸ ಪೀಡೆ ಎಂದುಕೊಂಡು ಔಷಧಿ ಹೊಡೆದೆ. ಕೆಲವೇ ದಿನಗಳಲ್ಲಿ ಕುಡಿಗಳೆಲ್ಲ ಹೇನು ಮುತ್ತಿ ಕಪ್ಪಾದವು. ಆ ನೋವು ಇನ್ನೂ ಹೋಗಿಲ್ಲ. ಬೇವಿನೆಣ್ಣೆಯೇ ಆದರೂ ಎಲೆ ಮಗುಚಿ ನೋಡದೆ ಹೊಡೆಯಬೇಡ. ಮೊದಲು ಹೇನು ಬರುತ್ತದೆ, ಆಮೇಲೆ ಅದನ್ನು ತಿನ್ನುವವು ಬರುತ್ತವೆ; ನಡುವಿನ ಆ ದಿನಗಳಲ್ಲಿ ಕೈ ಬಿಗಿಹಿಡಿಯಬೇಕು.

ಕೊತ್ತಂಬರಿ, ಸಬ್ಬಸಿಗೆಯನ್ನು ಪೂರ್ತಿ ಕಿತ್ತು ಮಾರುತ್ತಿದ್ದೀಯೆ. ಪ್ರತಿ ಮಡಿಯ ತುದಿಯಲ್ಲಿ ಒಂದು ಮೊಳ ಹೂವಿಗೆ ಬಿಡು. ಕಾಯಿಕೊರಕದ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಟ್ರೈಕೋಗ್ರಾಮ ಕಣಜ ಒಂದು ಮಿಲಿಮೀಟರಿಗಿಂತ ಚಿಕ್ಕದು. ಆಳವಾದ ಹೂವಿನ ಮಕರಂದ ಅದಕ್ಕೆ ಎಟುಕದು, ಕೊತ್ತಂಬರಿ ಹೂವಿನಲ್ಲಿ ಮೇಲೆಯೇ ಸಿಗುತ್ತದೆ. ಎರಡು ಮೂರು ವಾರಕ್ಕೊಮ್ಮೆ ಒಂದಿಷ್ಟು ಬೀಜ ಚೆಲ್ಲುತ್ತಿದ್ದರೆ ತೋಟದಲ್ಲಿ ಹೂವಿಗೆ ಬರವಿರುವುದಿಲ್ಲ.

ಚೆಂಡುಹೂ ಹಾಕಿದ್ದು ಸಂತೋಷ, ಆದರೆ ಹೊತ್ತು ತಪ್ಪಿದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕ ಹೀಗಿದೆ: 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ, ನೆಡುವ ದಿನ ಚೆಂಡುಹೂವಿನ ಸಸಿಗೆ 45 ದಿನ, ಟೊಮೆಟೊ ಸಸಿಗೆ 25 ದಿನ. ಎರಡೂ ಒಟ್ಟಿಗೆ ಹೂ ಬಿಟ್ಟರೆ ಮಾತ್ರ ಕಾಯಿಕೊರಕದ ಪತಂಗ ಟೊಮೆಟೊ ಬಿಟ್ಟು ಚೆಂಡುಹೂವಿನ ಕಡೆ ತಿರುಗುತ್ತದೆ. ನೀನು ಎರಡನ್ನೂ ಒಂದೇ ದಿನ ಬಿತ್ತಿದ್ದೀಯೆ.

ಇನ್ನು ಬದು. ಪಾರ್ಥೇನಿಯಂ ಹೂವಾಗುವ ಮೊದಲೇ ಕೀಳಿಸು, ತುಂಬೆಯನ್ನು ಉಳಿಸು. ಅಲ್ಲಲ್ಲಿ ಬರಿಮಣ್ಣೂ ಇರಲಿ. ಮೈಮೇಲೆ ನೀಲಿ ಪಟ್ಟಿಯಿರುವ ಒಂಟಿ ಜೇನು ಮಣ್ಣಿನಲ್ಲೇ ಗೂಡು ತೋಡುತ್ತದೆ. ಅದು ಟೊಮೆಟೊ ಹೂವನ್ನು ಅಪ್ಪಿ ಗುಂಯ್ಗುಟ್ಟಿದಾಗ ಪರಾಗ ಉದುರುವುದನ್ನು ಒಂದು ಬೆಳಗ್ಗೆ ಕೂತು ನೋಡು.

ಮುಂದಿನ ತಿಂಗಳು ಬರುವಾಗ ತುಂಬೆ ಬೀಜ ತರುತ್ತೇನೆ. ಅಲ್ಲಿಯವರೆಗೆ ಬಾವಿ ಕಡೆಯ ಬದುವಿಗೆ ಯಾರೂ ಯಂತ್ರ ತಾಗಿಸದಂತೆ ನೋಡಿಕೋ.

ಇಂತಿ,
ನಿನ್ನ ಮಾವ