ಮಂಡಲ ಪಂಚಾಯತಿಯ ದಫ್ತರ ಉಳಿಸಿಕೊಡಿ: ಕೊಪ್ಪಳ ಜಿಲ್ಲೆಯ ಶಾಸಕರಿಗೊಂದು ಬಹಿರಂಗ ಪತ್ರ

ಕೊಪ್ಪಳ ಜಿಲ್ಲೆಯ ಎಲ್ಲ ಮಾನ್ಯ ಶಾಸಕರಿಗೆ,

ನಮಸ್ಕಾರಗಳು. ರಸ್ತೆ, ಏತ ನೀರಾವರಿ, ವರ್ಗಾವಣೆ ಎಂದು ದಿನವೂ ಅರ್ಜಿ ಓದಿ ನೀವು ದಣಿದಿರುತ್ತೀರಿ. ಈ ಪತ್ರದಲ್ಲಿ ಅಂಥದ್ದೇನೂ ಇಲ್ಲ. ಮೂರು ದಶಕಗಳ ಹಿಂದೆ ಬಾಗಿಲು ಮುಚ್ಚಿದ ಒಂದು ಪುಟ್ಟ ಸರ್ಕಾರದ ಕಾಗದಪತ್ರಗಳ ಬಗ್ಗೆ ಬರೆಯುತ್ತಿದ್ದೇನೆ. 1987ರ ಜನವರಿಯಲ್ಲಿ ಚುನಾವಣೆ ನಡೆದು, ಹಳ್ಳಿಗಳ ಗುಂಪಿಗೊಂದರಂತೆ ಹುಟ್ಟಿದ ಮಂಡಲ ಪಂಚಾಯತಿಗಳು 1992ರಲ್ಲಿ ಅವಧಿ ಮುಗಿಸಿದವು. ಮತ್ತೆ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕುಳಿತರು. 1993ರ ಹೊಸ ಕಾಯ್ದೆಯೊಂದಿಗೆ ಮಂಡಲವೆಂಬ ವ್ಯವಸ್ಥೆಯೇ ಹೋಯಿತು.

ಆ ಐದು ವರ್ಷಗಳು ನಮ್ಮ ಭಾಗಕ್ಕೆ ಏಕೆ ದೊಡ್ಡವು ಎಂಬುದು ತುಂಗಭದ್ರೆಯ ಎರಡು ದಂಡೆಗಳ ಕಥೆ ನೋಡಿದರೆ ತಿಳಿಯುತ್ತದೆ. ಆಚೆ ದಂಡೆಯ ಹೊಸಪೇಟೆ, ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ವೈಸ್‌ರಾಯ್ ರಿಪನ್ನನ 1882ರ ಸ್ಥಳೀಯ ಸ್ವಯಮಾಡಳಿತದ ನಿರ್ಣಯ, ಅದರ ಬೆನ್ನಿಗೆ ಬಂದ 1884ರ ಮದ್ರಾಸ್ ಸ್ಥಳೀಯ ಬೋರ್ಡುಗಳ ಕಾಯ್ದೆ ಅಲ್ಲಿ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳನ್ನು ತಂದವು. ಕಲೆಕ್ಟರನ ಮಾತೇ ನಡೆಯುತ್ತಿದ್ದರೂ ಸಭೆ ಸೇರುವುದು, ಠರಾವು ಬರೆಯುವುದು, ಲೆಕ್ಕ ಒಪ್ಪಿಸುವುದು ಅಲ್ಲಿನವರಿಗೆ ರೂಢಿಯಾಯಿತು. ಈಚೆ ದಂಡೆಯ ನಾವು ನಿಜಾಮರ ಪ್ರಜೆಗಳು. ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಾಗೀರು. ಊರಿನ ಕಂದಾಯ ಮಾಲಿ ಪಾಟೀಲರದು, ಬಂದೋಬಸ್ತು ಪೊಲೀಸ್ ಪಾಟೀಲರದು, ಲೆಕ್ಕಪತ್ರ ಕುಲಕರ್ಣಿಯವರದು. ಎಲ್ಲವೂ ತಂದೆಯಿಂದ ಮಗನಿಗೆ. 1959ರ ಕಾಯ್ದೆ ಎರಡೂ ದಂಡೆಗಳಿಗೆ ಒಂದೇ ಬಗೆಯ ಪಂಚಾಯತಿ, ತಾಲ್ಲೂಕು ಅಭಿವೃದ್ಧಿ ಮಂಡಳಿಗಳನ್ನು ಕೊಟ್ಟಿತು, ನಿಜ. ಆದರೆ ಜಿಲ್ಲಾ ಅಭಿವೃದ್ಧಿ ಪರಿಷತ್ತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಪಾಟೀಲರ ಚಾವಡಿಯಿಂದ ಎದ್ದು ಸಾಹೇಬರ ಕಚೇರಿಯ ಮುಂದೆ ನಿಂತೆವು, ಅಷ್ಟೇ.

ರಾಮಕೃಷ್ಣ ಹೆಗಡೆಯವರ ಸರ್ಕಾರದ 1983ರ ಕಾಯ್ದೆ ಇದನ್ನು ತಲೆಕೆಳಗು ಮಾಡಿತು. ಅದರ ಬೆನ್ನಿಗೆ ನಿಂತವರು ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದವರು. ಎಂಟರಿಂದ ಹನ್ನೆರಡು ಸಾವಿರ ಜನರಿಗೊಂದು ಮಂಡಲ, ಅದಕ್ಕೊಬ್ಬ ಪ್ರಧಾನ, ಒಬ್ಬ ಉಪಪ್ರಧಾನ. ನಾಲ್ಕರಲ್ಲಿ ಒಂದು ಸ್ಥಾನ ಮಹಿಳೆಯರಿಗೆ ಮೀಸಲು. ಸಂವಿಧಾನದ 73ನೇ ತಿದ್ದುಪಡಿ ಇಡೀ ದೇಶಕ್ಕೆ ಇಂಥ ನಿಯಮ ತಂದದ್ದು ಆಮೇಲೆ. ಮಂಡಲಗಳ ಮೇಲೆ ಜಿಲ್ಲೆಗೊಂದು ಚುನಾಯಿತ ಜಿಲ್ಲಾ ಪರಿಷತ್, ಅದರ ಅಧ್ಯಕ್ಷರಿಗೆ ರಾಜ್ಯ ದರ್ಜೆ ಸಚಿವರ ಸ್ಥಾನಮಾನ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಸೇವೆಯಲ್ಲಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಜಿಲ್ಲಾಧಿಕಾರಿಗಿಂತ ದೊಡ್ಡವರು ಊರಿಗೆ ಬಂದು ಚುನಾಯಿತರ ಮಾತು ಕೇಳಿಸಿಕೊಳ್ಳುತ್ತಾರೆಂದರೆ ನಮ್ಮ ಹಿರಿಯರು ನಂಬಲು ಸಿದ್ಧರಿರಲಿಲ್ಲ.

ನಾನು ನೋಡಿದ ಒಂದು ನಡವಳಿ ಪುಸ್ತಕದ ಬಗ್ಗೆ ಹೇಳುತ್ತೇನೆ. ಗ್ರಾಮ ಪಂಚಾಯತಿಯೊಂದರ ಹಿಂಬದಿಯ ಕೋಣೆಯಲ್ಲಿ, ಕೆಟ್ಟ ಪಂಪ್‌ಸೆಟ್ಟು, ಹಳೆಯ ಮತಪೆಟ್ಟಿಗೆಗಳ ನಡುವೆ ಬಿದ್ದಿದೆ. ಕೆಂಪು ಬಟ್ಟೆಯ ರಟ್ಟು, ಒಂದು ಮೂಲೆಯನ್ನು ಗೆದ್ದಲು ತಿಂದಿದೆ. ಒಂದು ಸಭೆಯ ನಡವಳಿ ನಾಲ್ಕು ಪುಟ ಹಿಡಿದಿದೆ. ಚರ್ಚೆ ಒಂದೇ: ಮಂಜೂರಾದ ಕೊಳವೆಬಾವಿ ಗುಡಿಯ ಮುಂದೆ ಬೇಕೋ, ಕೇರಿಯಲ್ಲಿ ಬೇಕೋ. ಯಾರು ಏನು ಅಂದರೆಂದು ಕಾರ್ಯದರ್ಶಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ. ಕೊನೆಗೆ ಮತಕ್ಕೆ ಹಾಕಿ, ಒಂದೇ ಮತದ ಅಂತರದಲ್ಲಿ ಕೇರಿಗೆ ಗೆಲುವು. ಕೆಳಗೆ ಸಹಿಗಳು, ನೇರಳೆ ಮಸಿಯ ಹೆಬ್ಬೆಟ್ಟುಗಳು, ಒಂದು ಸಹಿಯ ಪಕ್ಕದಲ್ಲಿ ಒತ್ತಿ ಬರೆದ ‘ಈ ಠರಾವಿಗೆ ನನ್ನ ವಿರೋಧವಿದೆ’ ಎಂಬ ಸಾಲು. ವಿರೋಧವಿದ್ದವರೂ ಸಭೆ ಬಿಟ್ಟು ಹೋಗದೆ, ವಿರೋಧವನ್ನು ಬರೆದಿಟ್ಟು ಹೋಗಿದ್ದಾರೆ. ಈಗಿನ ಎಷ್ಟು ಸಭೆಗಳ ಬಗ್ಗೆ ಈ ಮಾತು ಹೇಳಬಹುದು?

ಮಂಡಲ ಕಾಲವೆಲ್ಲ ಬಂಗಾರ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಕಡೆ ಗೌಡರ ಮನೆಯವರೇ ಪ್ರಧಾನರಾದರು. ಸದಸ್ಯೆಯ ಬದಲು ಗಂಡ ಬಂದು ಕುಳಿತದ್ದೂ ಉಂಟು. ಆದರೆ ಅದನ್ನು ಅಳೆದು ನೋಡಲಾದರೂ ಕಾಗದ ಉಳಿದಿರಬೇಕಲ್ಲ!

ಇನ್ನು ನಿಮಗೆ ಕಹಿಯಾಗುವ ಮಾತು. ಮಂಡಲ, ಜಿಲ್ಲಾ ಪರಿಷತ್ತುಗಳ ಮೇಲೆ ಹೆಚ್ಚು ಮುನಿಸು ಇದ್ದದ್ದು ಶಾಸಕರಿಗೆ. ಆ ಕಾಯ್ದೆ ಶಾಸಕರನ್ನು ತಾಲ್ಲೂಕು ಪಂಚಾಯತಿ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಿತ್ತು. ಆದರೆ ಆ ಸಮಿತಿಯ ಕೆಲಸ ಸಲಹೆ ಕೊಡುವುದಷ್ಟೇ. ದುಡ್ಡು, ಸಿಬ್ಬಂದಿ, ಕಾಮಗಾರಿ ಎಲ್ಲ ಮೇಲಿನ ಪರಿಷತ್ತಿಗೆ, ಕೆಳಗಿನ ಮಂಡಲಕ್ಕೆ. ಊರಿನವರು ಚರಂಡಿಗಾಗಿ ಶಾಸಕರ ಮನೆಗೆ ಬರುವ ಅಗತ್ಯವೇ ಉಳಿಯಲಿಲ್ಲ. ಅವಧಿ ಮುಗಿದಾಗ ಚುನಾವಣೆ ನಡೆಸಿರೆಂದು ವಿಧಾನಸೌಧದಲ್ಲಿ ಹಟ ಹಿಡಿದವರು ಕಡಿಮೆ ಇದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಹಾಗೆ ಆಗಬಾರದೆಂದೇ ಸಂವಿಧಾನದಲ್ಲಿ ಐದು ವರ್ಷಕ್ಕೊಮ್ಮೆ ಚುನಾವಣೆ ಎಂದು ಬರೆಯಲಾಯಿತು. ಆದರೂ 2016ರಲ್ಲಿ ಆರಿಸಿದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಏನಾಯಿತು? ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ವರ್ಷಗಳೇ ಉರುಳಿದವು. ಆಡಳಿತಾಧಿಕಾರಿಗಳು ಮತ್ತೆ ಬಂದರು. 1992ರ ಕಾಗದಗಳು ಎಲ್ಲರ ಕಣ್ಣಮುಂದೆ ಇದ್ದಿದ್ದರೆ ಇಷ್ಟು ಸಲೀಸಾಗಿ ನಡೆಯುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಕೊಪ್ಪಳಕ್ಕೆ ಇನ್ನೊಂದು ತೊಡಕಿದೆ. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ಪರಿಷತ್ತು ಕೂಡುತ್ತಿದ್ದುದು ರಾಯಚೂರಿನಲ್ಲಿ. 1997ರಲ್ಲಿ ನಾವು ಬೇರೆ ಜಿಲ್ಲೆಯಾದೆವು. ನಮ್ಮ ಕಥೆಯ ಅರ್ಧ ಅಲ್ಲಿಯದು, ಅರ್ಧ ಇಲ್ಲಿಯದು.

ನಿಮ್ಮಿಂದ ಆಗಬೇಕಾದ ಕೆಲಸ ದೊಡ್ಡದಲ್ಲ. ಮುಂದಿನ ತಾಲ್ಲೂಕು ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಯಲ್ಲಿ, ಪ್ರತಿ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ತಮ್ಮ ಕಚೇರಿಯಲ್ಲಿ ಉಳಿದಿರುವ ಮಂಡಲ ಕಾಲದ ನಡವಳಿ, ತೆರಿಗೆ, ಜಮಾಖರ್ಚು ಪುಸ್ತಕಗಳ ಪಟ್ಟಿ ಕೊಡಬೇಕೆಂದು ಸೂಚಿಸಿ. ರಾಯಚೂರಿನ ಕಡತಗಳಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಸೇರಿದ್ದನ್ನು ಹುಡುಕಿಸಿ. ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಯಾರು ಬೇಕಾದರೂ ಓದುವಂತೆ ಇಡಿಸಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಇದಕ್ಕೆ ತಗಲುವುದು ಒಂದು ಸಮುದಾಯ ಭವನದ ಕಾಂಪೌಂಡ್ ಗೋಡೆಯ ಖರ್ಚೂ ಅಲ್ಲ. ಆಗಿನ ಪ್ರಧಾನರು, ಸದಸ್ಯೆಯರು ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ; ಅವರ ಮಾತುಗಳನ್ನು ಧ್ವನಿಮುದ್ರಿಸಿ ಇಡಲು ಕಾಲೇಜು ವಿದ್ಯಾರ್ಥಿಗಳು ಸಾಕು.

ನಾನು ಹೇಳಿದ ಪುಸ್ತಕ ಯಾವ ಊರಿನಲ್ಲಿದೆ ಎಂಬುದನ್ನು ನಿಮ್ಮಲ್ಲಿ ಯಾರ ಆಪ್ತ ಸಹಾಯಕರು ಕೇಳಿದರೂ ತಿಳಿಸುತ್ತೇನೆ. ಮಳೆಗಾಲಕ್ಕೆ ಮೊದಲೇ ಕೇಳಲಿ, ಆ ಕೋಣೆ ಸೋರುತ್ತದೆ.

ಇತಿ ತಮ್ಮ ವಿಶ್ವಾಸಿ,
ಕೊಪ್ಪಳ ತಾಲ್ಲೂಕಿನ ಒಬ್ಬ ಮತದಾರ